ಸಹಾಯ ಬೇಕು: ಟ್ರ್ಯಾಕ್ ಸಾದಲ್ಲಿ ಕೊಯ್ದಾಗ ಒಂದು ಬದಿಗೆ ಮಾತ್ರ ಚಕ್ಕೆ ಏಳುತ್ತಿದೆ

ಎಲ್ಲರಿಗೂ ನಮಸ್ಕಾರ. ಎರಡೂ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿದ 18 ಮಿ.ಮೀ. ಪ್ಲೈವುಡ್ ಹಾಳೆಗಳನ್ನು ಟ್ರ್ಯಾಕ್ ಸಾದಿಂದ (ಹಾಳೆಯ ಮೇಲಿಟ್ಟ ಉದ್ದನೆಯ ಹಳಿಯ ಮೇಲೆ ಜಾರಿಸಿ ಕೊಯ್ಯುವ ವಿದ್ಯುತ್ ಗರಗಸ) ಕೊಯ್ಯುತ್ತಿದ್ದೇನೆ. ಟ್ರ್ಯಾಕಿನ ರಬ್ಬರ್ ಪಟ್ಟಿ ಒತ್ತಿ ಹಿಡಿದಿರುವ ಕಡೆ ಅಂಚು ತೀರ ನಯವಾಗಿ ಬರುತ್ತದೆ. ಆದರೆ ಪಟ್ಟಿಯ ಆಸರೆಯಿಲ್ಲದ ಆಚೆಯ ತುಂಡಿನ ಮೇಲ್ಮುಖದಲ್ಲಿ, ಬ್ಲೇಡಿನ ಮುಂಬದಿಯ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಹೊರಬರುವುದರಿಂದ, ಉಗುರಿನ ತುದಿಯಷ್ಟು ಚಕ್ಕೆಗಳು ಸಾಲಾಗಿ ಏಳುತ್ತಿವೆ. ಆ ತುಂಡೂ ನನಗೆ ಬೇಕಾದದ್ದೇ ಆದ್ದರಿಂದ ಇದನ್ನು ಕಡೆಗಣಿಸುವಂತಿಲ್ಲ.

ಮೊದಲು 2 ಮಿ.ಮೀ. ಆಳಕ್ಕೆ ಗೀರು ಹಾಕಿ, ಆಮೇಲೆ ಪೂರ್ಣ ಆಳದಲ್ಲಿ ಕೊಯ್ದು ನೋಡಿದೆ. ಚಕ್ಕೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. 48 ಹಲ್ಲಿನ ಬ್ಲೇಡನ್ನು ಬಿಚ್ಚಿ, ಮೆತ್ತಿಕೊಂಡಿದ್ದ ಅಂಟನ್ನು ತೊಳೆದಿದ್ದೇನೆ. ಹಾಳೆಯ ಅಡಿಗೆ ಥರ್ಮಾಕೋಲ್ ಹಾಸಿ, ಟ್ರ್ಯಾಕಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು, ಬ್ಲೇಡ್ ಹಾಳೆಯಿಂದ ಕೆಳಗೆ 3 ಮಿ.ಮೀ. ಮಾತ್ರ ಇಳಿಯುವಂತೆ ಆಳವನ್ನು ಹೊಂದಿಸಿದ್ದೇನೆ. (ಮೊದಲ ದಿನ ಈ ಲೆಕ್ಕ ಮರೆತಿದ್ದರಿಂದ, ಕೊಯ್ದಾಯಿತೆಂದುಕೊಂಡ ಹಾಳೆ ಇಬ್ಭಾಗವಾಗದೆ ಹಾಗೆಯೇ ಕುಳಿತಿತ್ತು.)

ನನ್ನ ಅನುಮಾನ ಬೇರೆಯೇ ಇದೆ. ಕೊಯ್ದ ಅಂಚನ್ನು ಬೆಳಕಿಗೆ ಹಿಡಿದರೆ ಕಮಾನಿನಂಥ ಗೀರುಗಳು ಒಂದನ್ನೊಂದು ದಾಟಿಕೊಂಡು ಹೋಗಿರುವುದು ಕಾಣುತ್ತದೆ. ಅಂದರೆ ಬ್ಲೇಡಿನ ಹಿಂಬದಿಯ ಹಲ್ಲುಗಳೂ ಮರವನ್ನು ಮತ್ತೆ ಸವರುತ್ತಿರಬೇಕು. ಬ್ಲೇಡನ್ನು ಟ್ರ್ಯಾಕಿಗೆ ಹೊಂದಿಸಲು ಯಂತ್ರದ ತಳದ ಸ್ಕ್ರೂಗಳನ್ನು ಸಡಿಲಿಸಿ ಅನುಭವವಿರುವವರು, ಹಿಂಬದಿಯ ಹಲ್ಲುಗಳು ಮರಕ್ಕೆ ತಾಗದಂತೆ ಟ್ರ್ಯಾಕಿಗೆ ಎಷ್ಟು ಓರೆ ಕೊಡುತ್ತೀರಿ ಮತ್ತು ಅದನ್ನು ಯಾವುದರಿಂದ ಅಳೆಯುತ್ತೀರಿ ಎಂದು ದಯವಿಟ್ಟು ತಿಳಿಸಿ. ಆಚೆಯ ಬದಿಯನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ತುಂಡು ನನ್ನ ಯಂತ್ರದ ಜೊತೆ ಬಂದಿಲ್ಲ. ಅದರ ಬದಲು ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸಾಕಾಗುವುದೇ?