‘ಪ್ರತ್ಯೇಕ ಮತಕ್ಷೇತ್ರ’ ಎಂಬ ಪ್ರಯೋಗದ ಬಗ್ಗೆ

ಬ್ರಿಟಿಷ್ ಆಳ್ವಿಕೆಯ ಕಾಲದ ಮುಸ್ಲಿಂ ರಾಜಕೀಯ ಪ್ರಾತಿನಿಧ್ಯವನ್ನು ಕುರಿತು ಬರೆಯುವಾಗ ‘ಸೆಪರೇಟ್ ಎಲೆಕ್ಟೊರೇಟ್’ ಎಂಬುದಕ್ಕೆ ನಮ್ಮಲ್ಲಿ ‘ಪ್ರತ್ಯೇಕ ಮತಕ್ಷೇತ್ರ’ ಎಂದೋ ‘ಪ್ರತ್ಯೇಕ ಚುನಾವಣಾ ಕ್ಷೇತ್ರ’ ಎಂದೋ ಬಳಸುವುದು ರೂಢಿ. ಇವು ಆ ಏರ್ಪಾಡಿನ ಸ್ವರೂಪವನ್ನು ಓದುಗರಿಗೆ ಸರಿಯಾಗಿ ಮುಟ್ಟಿಸುತ್ತವೆಯೇ ಎಂಬುದು ನನ್ನ ಪ್ರಶ್ನೆ.

1906ರ ಅಕ್ಟೋಬರ್ 1ರಂದು ಆಗಾ ಖಾನರ ನೇತೃತ್ವದ ಮುಸ್ಲಿಂ ನಿಯೋಗವು ಸಿಮ್ಲಾದಲ್ಲಿ ವೈಸ್‌ರಾಯ್ ಮಿಂಟೊ ಅವರ ಮುಂದಿಟ್ಟ ಬೇಡಿಕೆ ಶಾಸನಸಭೆಗಳಲ್ಲಿ ಮುಸ್ಲಿಮರಿಗೆ ಕೆಲವು ಸ್ಥಾನಗಳು ಬೇಕೆಂಬಲ್ಲಿಗೆ ನಿಂತಿರಲಿಲ್ಲ. ಆ ಸ್ಥಾನಗಳಿಗೆ ಮುಸ್ಲಿಂ ಮತದಾರರೇ ಪ್ರತಿನಿಧಿಗಳನ್ನು ಆರಿಸಬೇಕೆಂಬುದು ಅದರ ತಿರುಳಾಗಿತ್ತು, ಮತ್ತು 1909ರ ಮಾರ್ಲೆ–ಮಿಂಟೊ ಸುಧಾರಣೆ ಅದನ್ನು ಒಪ್ಪಿಕೊಂಡಿತು. 1919ರ ಭಾರತ ಸರ್ಕಾರ ಕಾಯಿದೆಯ ಬಳಿಕ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಒಂದೇ ಓಣಿಯಲ್ಲಿ, ಮತದ ಹಕ್ಕಿಗೆ ಬೇಕಾದಷ್ಟು ತೆರಿಗೆ ಕಟ್ಟುವ ಇಬ್ಬರು ನೆರೆಹೊರೆಯವರಿದ್ದು, ಒಬ್ಬರು ಮುಸ್ಲಿಮರೂ ಇನ್ನೊಬ್ಬರು ಹಿಂದೂಗಳೂ ಆಗಿದ್ದರೆ, ಅವರ ಹೆಸರುಗಳು ಎರಡು ಬೇರೆ ಪಟ್ಟಿಗಳಲ್ಲಿರುತ್ತಿದ್ದವು. ಆ ಇಬ್ಬರನ್ನೂ ಮತ ಕೇಳಬೇಕಾದ ಅಭ್ಯರ್ಥಿಯೇ ಅಲ್ಲಿ ಇರುತ್ತಿರಲಿಲ್ಲ. ‘ಕ್ಷೇತ್ರ’ ಎಂದೊಡನೆ ನಾವು ಮೇರೆಯುಳ್ಳ ನೆಲವನ್ನು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ವಿಂಗಡಣೆಯಾದವರು ಅದೇ ನೆಲದ ಮೇಲಿದ್ದ ಮತದಾರರು.

ಇದರಿಂದ ಆಗುವ ತೊಡಕು ಸಣ್ಣದಲ್ಲ. ಇಂದಿನ ಓದುಗ ‘ಪ್ರತ್ಯೇಕ ಕ್ಷೇತ್ರ’ವನ್ನು ‘ಮೀಸಲು ಕ್ಷೇತ್ರ’ವೆಂದೇ ಓದಿಕೊಳ್ಳುತ್ತಾನೆ. ಆದರೆ ಮೀಸಲು ಕ್ಷೇತ್ರದಲ್ಲಿ ಕಟ್ಟುಪಾಡಿರುವುದು ಅಭ್ಯರ್ಥಿಗೆ ಮಾತ್ರ, ಮತ ಹಾಕುವವರು ಎಲ್ಲರೂ. 1927ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಸೇರಿದ್ದ ಮುಸ್ಲಿಂ ನಾಯಕರು, ಜಿನ್ನಾ ಅವರ ಮುಂದಾಳುತನದಲ್ಲಿ, ಕೇಂದ್ರ ಶಾಸನಸಭೆಯಲ್ಲಿ ಮೂರನೆಯ ಒಂದು ಪಾಲು, ಸಿಂಧ್ ಪ್ರಾಂತದ ರಚನೆ ಮೊದಲಾದ ಷರತ್ತುಗಳ ಮೇಲೆ ಪ್ರತ್ಯೇಕ ಮತದಾನವನ್ನು ಬಿಟ್ಟು ಮೀಸಲು ಸ್ಥಾನಗಳಿಗೆ ಒಪ್ಪಲು ಮುಂದಾಗಿದ್ದರು. ಭಾರತದ ಸಂವಿಧಾನ ಹೇಗಿರಬೇಕೆಂದು ಸೂಚಿಸಿದ 1928ರ ನೆಹರೂ ವರದಿ ಪ್ರತ್ಯೇಕ ಮತದಾನವನ್ನು ತಳ್ಳಿಹಾಕಿತಾದರೂ ಆ ಷರತ್ತುಗಳನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಎರಡಕ್ಕೂ ‘ಕ್ಷೇತ್ರ’ವೆಂಬ ಒಂದೇ ಹಣೆಪಟ್ಟಿ ಹಚ್ಚಿದರೆ ಈ ಚೌಕಾಸಿ ಯಾವುದರ ಬಗ್ಗೆ ನಡೆಯಿತೆಂಬುದೇ ತಿಳಿಯದು. 1932ರ ಪುಣೆ ಒಪ್ಪಂದದ ಪ್ರಸಂಗದಲ್ಲೂ ಇದೇ ಗೊಂದಲವಿದೆ: ದಲಿತರ ಪ್ರತ್ಯೇಕ ಮತದಾನ ಹೋಗಿ, ಪ್ರಾಂತಗಳಲ್ಲಿ ಅವರಿಗೆ 71ರ ಬದಲು 148 ಮೀಸಲು ಸ್ಥಾನಗಳು ಬಂದವು.

ಕನ್ನಡದ್ದೇ ಆದ ಇನ್ನೊಂದು ತೊಂದರೆ ‘ಮತ’ ಶಬ್ದದ್ದು. ಓಟಿಗೂ ಧರ್ಮಕ್ಕೂ ಅದೇ ಪದವಾದ್ದರಿಂದ ‘ಪ್ರತ್ಯೇಕ ಮತಕ್ಷೇತ್ರ’ವನ್ನು ‘ಬೇರೆ ಧರ್ಮದವರ ಕ್ಷೇತ್ರ’ವೆಂದೂ ಅರ್ಥಮಾಡಬಹುದು, ಅದೇ ಪುಟದಲ್ಲಿ, ಸಮುದಾಯಗಳ ಲೆಕ್ಕದಲ್ಲಿ ಸ್ಥಾನಗಳನ್ನು ಹಂಚಿದ ಬ್ರಿಟಿಷ್ ಸರ್ಕಾರದ 1932ರ ‘ಮತೀಯ ತೀರ್ಪು’ ಬಂದರಂತೂ ಆ ಅರ್ಥವೇ ಗಟ್ಟಿಯಾಗುತ್ತದೆ. (‘ಕೋಮುವಾರು ತೀರ್ಪು’ ಎಂದರೆ ಈ ಭಾಗ ಪರಿಹಾರವಾಗುತ್ತದೆ. ಇಂದು ‘ಕೋಮು’ ಎಂದರೆ ಗಲಭೆಯೇ ನೆನಪಾಗುವುದು ಬೇರೆ ಮಾತು.) ಉರ್ದುವಿನಲ್ಲಿ ‘ಜುದಾಗಾನಾ ಇಂತಿಖಾಬ್’, ‘ಮಖ್‌ಲೂತ್ ಇಂತಿಖಾಬ್’, ಅಂದರೆ ಬೇರೆಯಾದ ಆಯ್ಕೆ, ಬೆರೆತ ಆಯ್ಕೆ ಎನ್ನುತ್ತಾರೆ, ಅಲ್ಲಿ ನೆಲದ ಸುಳಿವೇ ಇಲ್ಲ.

‘ಪ್ರತ್ಯೇಕ ಮತದಾರವರ್ಗ’, ಎಲ್ಲರೂ ಒಟ್ಟಾಗಿ ಮತ ಹಾಕುವ ಏರ್ಪಾಡಿಗೆ ‘ಸಂಯುಕ್ತ ಮತದಾರವರ್ಗ’ ಎಂಬ ಜೋಡಿ ನನಗೆ ಹೊಂದುವಂತೆ ಕಾಣುತ್ತದೆ. ‘ಮತದಾರ ಮಂಡಲ’ ಎನ್ನಬಹುದಿತ್ತು, ಆದರೆ ಮಂಡಲ ಪಂಚಾಯಿತಿಗಳನ್ನು ಕಂಡ ನಾಡಿನಲ್ಲಿ ಅದೂ ಭೂಪ್ರದೇಶವೇ ಆಗಿಬಿಡುತ್ತದೆ. ‘ವರ್ಗ’ಕ್ಕೆ ಇರುವ ಆರ್ಥಿಕ ಅರ್ಥಚ್ಛಾಯೆ ಇಲ್ಲಿ ಅಡ್ಡಬರುವುದೇ? 1910ರಿಂದ 1940ರವರೆಗಿನ ಕನ್ನಡ ಪತ್ರಿಕೆಗಳು ಇದಕ್ಕೆ ಬೇರೆ ಪದವನ್ನು ಬಳಸಿದ್ದರೆ, ಅವನ್ನು ಓದಿಬಲ್ಲವರು ಪ್ರಯೋಗವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.