ಅಪ್‌ಡೇಟ್: ಹಾರ್ಲಿಂಗ್ ಪಾಯಿಂಟ್ ಸ್ಮಶಾನದ ಗೋಪುರಗಳು ಮತ್ತು ಊರು ಸೇರದ ಮೂಳೆಗಳು

ಕೆನಡಾದ ವಿಕ್ಟೋರಿಯಾದಲ್ಲಿ ಕಡಲಂಚಿಗಿರುವ ಹಾರ್ಲಿಂಗ್ ಪಾಯಿಂಟ್ ಚೀನೀ ಸ್ಮಶಾನದ ಪೂಜಾಕಟ್ಟೆಯ ಇಕ್ಕೆಲದ ಇಟ್ಟಿಗೆ ಗೋಪುರಗಳು ಯಾತಕ್ಕೆಂದೂ, ಅಲ್ಲಿ ಸಾಮೂಹಿಕ ಸಮಾಧಿಗಳೇಕೆ ಇವೆಯೆಂದೂ ನಾನು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು; ಆಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋಪುರಗಳು ಕಾಗದದ ಹಣ, ಬಟ್ಟೆ ಮುಂತಾದ ಕಾಣಿಕೆಗಳನ್ನು ಪಿತೃಗಳಿಗಾಗಿ ಸುಡುವ ಒಲೆಗಳು. ನಾನು ಅವನ್ನು ದೀಪಸ್ತಂಭಗಳೆಂದು ಊಹಿಸಿದ್ದು ತಪ್ಪು.

ಎರಡನೆಯ ಪ್ರಶ್ನೆಯ ಉತ್ತರ ಮನಸ್ಸನ್ನು ಕಲಕುವಂಥದ್ದು. ಮೊದಲು ಇದೇ ಊರಿನ ರಾಸ್ ಬೇ ಸ್ಮಶಾನದ ತಗ್ಗಿನ ಮೂಲೆಯಲ್ಲಿ ಚೀನೀಯರನ್ನು ಹೂಳುತ್ತಿದ್ದರು. ಅಲೆಗಳು ಆ ಗೋರಿಗಳನ್ನು ಕೊರೆಯುತ್ತಿದ್ದುದರಿಂದ, ಚೀನೀ ಸಮುದಾಯದ ಸಂಘವು ಬೆನ್ನಿಗೆ ಗುಡ್ಡ, ಎದುರಿಗೆ ನೀರು ಇರಬೇಕೆಂಬ ಫೆಂಗ್‌ಶುಯಿ ನಿಯಮಕ್ಕೊಪ್ಪುವ ಈ ಜಾಗವನ್ನು ಕೊಂಡು 1903ರಲ್ಲಿ ಸ್ಮಶಾನವನ್ನು ತೆರೆಯಿತು. ಇಲ್ಲಿಯ ಹೂಳುವಿಕೆಯೂ ತಾತ್ಕಾಲಿಕವೇ ಆಗಿತ್ತು: ಸುಮಾರು ಏಳು ವರ್ಷಗಳ ನಂತರ ಗೋರಿಯನ್ನು ಅಗೆದು, ಮೂಳೆಗಳನ್ನು ಶುಚಿಗೊಳಿಸಿ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು, ಹಾಂಗ್‌ಕಾಂಗ್ ಮಾರ್ಗವಾಗಿ ಹುಟ್ಟೂರಿಗೆ ಕಳುಹಿಸಲಾಗುತ್ತಿತ್ತು, ಏಕೆಂದರೆ ಮನೆಮಂದಿಯ ಪೂಜೆ ಸಲ್ಲದ ಆತ್ಮಕ್ಕೆ ನೆಮ್ಮದಿಯಿಲ್ಲವೆಂಬ ನಂಬಿಕೆಯಿತ್ತು.

1937ರಲ್ಲಿ ಚೀನಾ ಮತ್ತು ಜಪಾನ್ ನಡುವೆ ಯುದ್ಧ ಆರಂಭವಾದಾಗ ಸಾಗಣೆ ನಿಂತಿತು. ಹಡಗಿಗಾಗಿ ಕಾದಿದ್ದ ಪೆಟ್ಟಿಗೆಗಳು ದಶಕಗಳ ಕಾಲ ಅಲ್ಲೇ ಉಳಿದು, ಕೊನೆಗೆ 1961ರಲ್ಲಿ 849 ಜನರ ಮೂಳೆಗಳನ್ನು 13 ಸಾಮೂಹಿಕ ಸಮಾಧಿಗಳಲ್ಲಿ ಹೂಳಲಾಯಿತು. ನಾನು ಕೇಳಿದ್ದ ಸಮಾಧಿಗಳು ಇವೇ.

ಚೀನೀಯರು ಪಿತೃಗಳ ಗೋರಿಗಳನ್ನು ಶುಚಿಗೊಳಿಸಿ ಪೂಜಿಸುವ, ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಮತ್ತೆ ಹೋಗುವವನಿದ್ದೇನೆ.