ಬೀಜಗಣಿತ, ಕ್ಯಾಲ್ಕುಲಸ್ ಸೂತ್ರಗಳನ್ನು ಇಂಗ್ಲಿಷ್ ಮತ್ತು ಥಾಯ್ ಮಾತಾಡುವವರಿಗೆ ಬಾಯಲ್ಲಿ ಹೇಳುವುದು ಹೇಗೆ?

ಗೆರೆಗೀಚು:
ನಾನು ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. ಈಗಿನ ಗುಂಪಿನಲ್ಲಿ ಕೆಲವರ ಮನೆಮಾತು ಇಂಗ್ಲಿಷ್, ಉಳಿದವರದು ಥಾಯ್. ಪಾಠ ಇಂಗ್ಲಿಷ್‌ನಲ್ಲಿ. ಬರೆದು ತೋರಿಸಿದರೆ ಯಾರಿಗೂ ತೊಂದರೆ ಇಲ್ಲ, ಬಾಯಲ್ಲಿ ಹೇಳಿದಾಗಲೇ ಎಡವಟ್ಟು. ಮೊನ್ನೆ ಒಬ್ಬ ತನ್ನ ಉತ್ತರ ಓದಿದ: 'ಒನ್ ಓವರ್ ಎಕ್ಸ್ ಪ್ಲಸ್ ಟು'. ಕೆಲವರು 1/ಎಕ್ಸ್ ಬರೆದು ಪಕ್ಕದಲ್ಲಿ 2 ಕೂಡಿಸಿದರು. ಕೆಲವರು ಎಕ್ಸ್+2 ಪೂರ್ತಿ ಗೆರೆಯ ಕೆಳಗೆ ಹಾಕಿದರು. ಎಕ್ಸ್‌ಗೆ 2 ಹಾಕಿ ನೋಡಿ, ಒಬ್ಬರಿಗೆ ಎರಡೂವರೆ, ಇನ್ನೊಬ್ಬರಿಗೆ ಕಾಲು! ಇನ್ನು ನಾನು 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್' ಅಂದರೆ ಇಂಗ್ಲಿಷ್‌ನವರೇ ಪಿಳಿಪಿಳಿ ನೋಡುತ್ತಾರೆ. ಏನು ಮಾಡೋದು?

ಛೇದವಿಲ್ಲದವ:
'ಹೋಲ್ ಸ್ಕ್ವೇರ್' ಭಾರತದ ಇಂಗ್ಲಿಷ್. ಬ್ರಿಟನ್‌ನವರು 'ಆಲ್ ಸ್ಕ್ವೇರ್ಡ್' ಅನ್ನುತ್ತಾರೆ. ಅಮೆರಿಕದವರು 'ದಿ ಕ್ವಾಂಟಿಟಿ ಎ ಪ್ಲಸ್ ಬಿ, ಸ್ಕ್ವೇರ್ಡ್' ಅಂತ ಮೊದಲೇ ಎಚ್ಚರಿಸುತ್ತಾರೆ. ತಮಾಷೆ ಅಂದರೆ ನಿಮ್ಮ ಮಾತು ಥಾಯ್‌ನವರಿಗೇ ಹತ್ತಿರ. ಅವರೂ ಎ, ಬಿ ಕೂಡಿಸಿ ಹೇಳಿದ ಮೇಲೆ 'ಥಂಗ್‌ಮೊತ್ ಯೋಕ್ ಕಮ್ಲಂಗ್ ಸಾಂಗ್' ಅನ್ನುತ್ತಾರೆ. ಥಂಗ್‌ಮೊತ್ ಅಂದರೆ ಎಲ್ಲಾ ಸೇರಿ. ಉಳಿದದ್ದು ಎರಡರ ಘಾತಕ್ಕೆ ಏರಿಸು ಅಂತ.

ಭಿನ್ನರಾಶಿ ಕಥೆ ಬೇರೆ. ನಾವು 'ನಾಲ್ಕನೇ ಮೂರು' ಅಂತ ಛೇದ ಮೊದಲು ಹೇಳುತ್ತೇವೆ. ಥಾಯ್‌ನಲ್ಲಿ ಅದೇ 'ಸೇತ್ ಸಾಮ್ ಸುವನ್ ಸೀ'. ಮೂರು ಮೊದಲು, ನಾಲ್ಕು ಆಮೇಲೆ. ಅಂಶದ ಮುಂದೆ 'ಸೇತ್', ಛೇದದ ಮುಂದೆ 'ಸುವನ್'. ಅಂಶ ಎಲ್ಲಿ ಶುರು, ಛೇದ ಎಲ್ಲಿ ಶುರು ಅನ್ನೋದು ಪಕ್ಕಾ. ಛೇದ ಎಲ್ಲಿ ಮುಗಿಯಿತು ಅನ್ನೋದಕ್ಕೆ ಮಾತ್ರ ಗುರುತಿಲ್ಲ. ಹಾಗಾಗಿ ನಿಮ್ಮ ಗೊಂದಲ ಥಾಯ್‌ನಲ್ಲಿ ಓದಿದರೂ ಹೋಗಲ್ಲ.

ನಾನು ಮಾಡೋದು ಇಷ್ಟೇ. 1/ಎಕ್ಸ್ ಜೊತೆ 2 ಕೂಡಿಸಬೇಕಿದ್ದರೆ ತಿರುಗಿಸಿ 'ಟು ಪ್ಲಸ್ ಒನ್ ಓವರ್ ಎಕ್ಸ್' ಅನ್ನುತ್ತೇನೆ. ಕೂಡಿಸುವಾಗ ಯಾವುದು ಮೊದಲಾದರೇನು! ಎಕ್ಸ್+2 ಪೂರ್ತಿ ಕೆಳಗಿದ್ದರೆ 'ಬ್ರಾಕೆಟ್ ಓಪನ್, ಬ್ರಾಕೆಟ್ ಕ್ಲೋಸ್' ಅಂತ ಹೇಳಿಬಿಡುತ್ತೇನೆ. ಕೇಳೋಕೆ ಬೋರು, ಆದರೆ ಯಾರೂ ತಪ್ಪಿ ಬರೆಯಲ್ಲ.

ಗೆರೆಗೀಚು:
ತಿರುಗಿಸಿ ಹೇಳೋದು ಸೂಪರ್. ಕ್ಯಾಲ್ಕುಲಸ್‌ಗೆ ಬಂದರೆ?

ಅನಂತಕ್ಕೆ_ಹೊರಟವಳು:
ಮೊದಲು 'ಬೈ' ಬಿಡಿ. ಎಕ್ಸ್/2 ಅನ್ನು ನಾವು 'ಎಕ್ಸ್ ಬೈ ಟು' ಅನ್ನುತ್ತೇವೆ. ಅಮೆರಿಕದವರಿಗೆ 'ತ್ರೀ ಬೈ ಫೋರ್' ಅಂದರೆ ಮೂರು ಅಡ್ಡಸಾಲು, ನಾಲ್ಕು ಕಂಬಸಾಲುಗಳಲ್ಲಿ ಸಂಖ್ಯೆ ಜೋಡಿಸಿದ ಮ್ಯಾಟ್ರಿಕ್ಸ್ ನೆನಪಾಗುತ್ತದೆ. ಡಿವೈ/ಡಿಎಕ್ಸ್ ಅನ್ನೂ ಅವರು 'ಡಿ ವೈ ಡಿ ಎಕ್ಸ್' ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎಫ್ ಪಕ್ಕ ಮೇಲೆ ಸಣ್ಣ ಗೀಟು ಹಾಕಿದ್ದರೆ 'ಎಫ್ ಡ್ಯಾಶ್' ಬೇಡ, 'ಎಫ್ ಪ್ರೈಮ್' ಅನ್ನಿ. ಡ್ಯಾಶ್ ಅಂದರೆ ಅಡ್ಡಗೆರೆ ಅಂದುಕೊಳ್ಳುವವರಿದ್ದಾರೆ.

ಲಿಮಿಟ್‌ನಲ್ಲಿ ಕನ್ನಡದ ತಲೆ ಕೈಕೊಡುತ್ತದೆ. ನಮಗೆ 'ಎಕ್ಸ್ ಸೊನ್ನೆ ಹತ್ತಿರ ಹೋದಾಗ' ಅನ್ನೋದು ಮೊದಲು ಬಂದರೇ ಸಹಜ, ಲಿಮಿಟ್ ಕೊನೆಗೆ. ಇಂಗ್ಲಿಷ್, ಥಾಯ್ ಎರಡರಲ್ಲೂ ಸಾಮಾನ್ಯವಾಗಿ ಲಿಮಿಟ್ ಮೊದಲು, ಆಮೇಲೆ ಫಂಕ್ಷನ್, ಆಮೇಲೆ 'ಎಕ್ಸ್ ಸೊನ್ನೆ ಹತ್ತಿರ ಹೋದಾಗ'. ಈ 'ಹತ್ತಿರ ಹೋಗು'ವಿಗೆ ಥಾಯ್‌ನಲ್ಲಿ 'ಖಾವ್ ಕ್ಲಾಯ್'. ಆ ಕ್ರಮದಲ್ಲೇ ಹೇಳಿ.

ಇಂಟಿಗ್ರಲ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಗಣಿತಜ್ಞ ಲೈಬ್ನಿಟ್ಸ್ 1675ರಲ್ಲಿ ಇಂಟಿಗ್ರಲ್ ಚಿಹ್ನೆಯಾಗಿ ಬರೆದ ಆ ಉದ್ದನೆಯ ಎಸ್ ಬಾಗಿಲು ತೆರೆಯುತ್ತದೆ, ಡಿಎಕ್ಸ್ ಬಂದು ಮುಚ್ಚುತ್ತದೆ. ಮಧ್ಯೆ ಇರೋದೆಲ್ಲಾ ಒಳಗೆ. (ಡಿಎಕ್ಸ್ ಅನ್ನು ಮೊದಲೇ ಬರೆಯುವ ಭೌತಶಾಸ್ತ್ರದವರನ್ನು ದೇವರೇ ಕಾಪಾಡಬೇಕು.)

ಕಿವಿಗೆಬಿದ್ದದ್ದು:
ಅಕ್ಷರಗಳ ಮೇಲೂ ಒಂದು ಕಣ್ಣಿರಲಿ. ಥಾಯ್‌ನಲ್ಲಿ 'ಝ' ಸದ್ದೇ ಇಲ್ಲ, ಅದು 'ಸ' ಆಗುತ್ತದೆ. ನೀವು ಅಮೆರಿಕದವರ ಹಾಗೆ 'ಝೀ' ಅಂದರೆ 'ಸಿ' ಆಗಿಬಿಡುತ್ತದೆ. ಝೆಡ್ ಅನ್ನು ಇಂಟಿಗ್ರೇಟ್ ಮಾಡಿದರೆ ಝೆಡ್ ವರ್ಗದ ಅರ್ಧ, ಜೊತೆಗೆ ಸ್ಥಿರಾಂಕ ಸಿ. ಆ ಸಾಲಿನಲ್ಲಿ ಯಾವುದು ಝೀ, ಯಾವುದು ಸಿ? 'ಝೆಡ್' ಅನ್ನಿ, ಸಾಕು. ಪದದ ಕೊನೆಯ 'ಸ್', 'ಚ್' ಎರಡೂ ಥಾಯ್ ಬಾಯಲ್ಲಿ 'ತ್' ಆಗುತ್ತವೆ. ಎಸ್, ಎಚ್ ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಒಂದೇ ಲೆಕ್ಕದಲ್ಲಿ ಅವೆರಡನ್ನೂ ಇಡಬೇಡಿ.

ಗೆರೆಗೀಚು:
ಅಯ್ಯೋ, ನಾಳೆಯ ಲೆಕ್ಕದಲ್ಲಿ ಎತ್ತರ ಎಚ್, ದೂರ ಎಸ್. ಈಗಲೇ ಬದಲಾಯಿಸ್ತೀನಿ. 'ಸೈನ್ ಇನ್ವರ್ಸ್' ಏನು ಮಾಡ್ಲಿ? 1/ಸೈನ್ ಅಂದ್ಕೊಳ್ತಾರೆ.

ಛೇದವಿಲ್ಲದವ:
'ಆರ್ಕ್‌ಸೈನ್' ಅನ್ನಿ. 1/ಸೈನ್‌ಗೆ 'ಕೋಸೀಕೆಂಟ್' ಇದೆಯಲ್ಲ. ಸೈನ್ ಇನ್ವರ್ಸ್ ಬರೆಯುವಾಗ ಸೈನ್ ತಲೆಯ ಮೇಲೆ ಹಾಕುವ ಆ ಮೈನಸ್ ಒಂದನ್ನು ಬಾಯಲ್ಲಿ ಹೇಳಲೇಬೇಡಿ.